ಎಷ್ಟು ದೂರ ಇದ್ದರೆ ನಿಮಗೆ ಸಮಾಧಾನ?

ನನಗೆ ನಾಯಿ ಎಂದರೆ ಹೆದರಿಕೆ. ಇಷ್ಟು ಬರೆಯಲಿಕ್ಕೆ ನನಗೆ ಅರುವತ್ತು ದಾಟಬೇಕಾಯಿತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವಳು ನಾನು. ವರಾಂಡದಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಹತ್ತನೇ ಕ್ಲಾಸಿನ ಗಂಡುಮಕ್ಕಳು ಬೆಂಚಿನ ಮೇಲಿಂದ ಇಳಿದು ತೆಪ್ಪಗೆ ಕೂರುತ್ತಿದ್ದರು. ಅಂಥವಳು ರಸ್ತೆಯಲ್ಲಿ ಒಂದು ನಾಯಿಮರಿ ಕಂಡರೂ ಆಚೆ ಬದಿಗೆ ದಾಟುತ್ತಿದ್ದೆ. ದಾಟಿದ್ದಕ್ಕೆ ಒಂದು ಕಾರಣ ಬೇಕಲ್ಲ, ಅಲ್ಲಿನ ಅಂಗಡಿಯಲ್ಲಿ ನಿಂತು ಬಾಳೆಹಣ್ಣಿಗೆ ಎಷ್ಟು ಎಂದು ಕೇಳುತ್ತಿದ್ದೆ. ಹಾಗೆ ನಮ್ಮ ಮನೆಗೆ ಬಂದು ಕಪ್ಪಾದ ಬಾಳೆಹಣ್ಣು ಎಷ್ಟೋ, ಅಲ್ಲಾಹನಿಗೇ ಗೊತ್ತು.

ಬೆಂಗ್ರೆ ನನ್ನ ತಾಯಿಯ, ನಮ್ಮ ಉಮ್ಮನ, ತವರು. ಸಣ್ಣವಳಿದ್ದಾಗ ಉಮ್ಮನ ಕೈ ಹಿಡಿದು ದೋಣಿಯಲ್ಲಿ ಹೊಳೆ ದಾಟಿ ಅಲ್ಲಿಗೆ ಹೋಗುತ್ತಿದ್ದೆವು. ಒಂದು ಸಲ ದೋಣಿ ಇಳಿದು ಮರಳಿಗೆ ಕಾಲಿಡುವಾಗ, ಬಲೆಯ ರಾಶಿಯ ಬದಿಯಲ್ಲಿ ಮಲಗಿದ್ದ ನಾಯಿಯೊಂದು ಎದ್ದು ಬಂದು ನನ್ನ ಲಂಗದ ಅಂಚನ್ನು ಬಾಯಿಯಲ್ಲಿ ಹಿಡಿಯಿತು. ಹಿಡಿದು ಎಳೆಯಿತು. ನಾನು ಒಂದು ಕಡೆಗೆ, ಅದು ಒಂದು ಕಡೆಗೆ. ಬಲೆ ಹೆಣೆಯುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಗಾಡಿದರು. ಉಮ್ಮನೂ ನಕ್ಕರು. ಕಚ್ಚಲಿಲ್ಲ ನೋಡಿ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಚ್ಚಿದ್ದರೆ ಇಂಜೆಕ್ಷನ್ ಕೊಡುತ್ತಿದ್ದರು, ಅಯ್ಯೋ ಪಾಪ ಎನ್ನುತ್ತಿದ್ದರು, ದೊಡ್ಡವಳಾದ ಮೇಲೆ ತೋರಿಸಲಿಕ್ಕೆ ಒಂದು ಕಲೆಯಾದರೂ ಇರುತ್ತಿತ್ತು. ನನಗೆ ಉಳಿದದ್ದು ಬರೀ ಹೆದರಿಕೆ.

ನಾಯಿ ಸಾಕುವವರೆಲ್ಲ ಬಾಯಿಪಾಠ ಮಾಡಿಕೊಂಡ ಒಂದು ಮಾತುಂಟು. "ಅದು ಎಂತ ಮಾಡುದಿಲ್ಲ." ಇನ್ನೊಂದು, "ಪಾಪದ್ದು, ನೀವು ಹೆದರಿದ್ರೆ ಅದಕ್ಕೆ ಗೊತ್ತಾಗ್ತದೆ." ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅದು ಎಂತ ಮಾಡುದಿಲ್ಲ ಅಂತ ನಿಮಗೆ ಗೊತ್ತುಂಟು ಮಾರಾಯ್ರೇ, ನನ್ನ ಮೊಣಕಾಲಿಗೆ ಗೊತ್ತಿಲ್ಲ! ಹೆದರಿದವರ ಹತ್ತಿರ ಹೆದರಬೇಡಿ ಎನ್ನುವುದು, ಜ್ವರ ಬಂದವರ ಹತ್ತಿರ ಬಿಸಿ ಆಗಬೇಡಿ ಎಂದ ಹಾಗೆ.

ಅತ್ತಾವರದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಾಳಿಗೆಯಲ್ಲಿ ನಾನೂ ನನ್ನ ಯಜಮಾನರೂ ಇರುವುದು. ಅವರು ಬಹಳ ವರ್ಷ ಗಲ್ಫಿನಲ್ಲಿದ್ದು, ಆಮೇಲೆ ಬಂದರಿನಲ್ಲಿ ಅಂಗಡಿ ನಡೆಸಿದವರು. ಎರಡು ವರ್ಷದ ಹಿಂದೆ ಬೆಳಗಿನ ಜಾವ ಸುಬಹ್ ನಮಾಜಿಗೆಂದು ಎದ್ದವರು ಬಚ್ಚಲಿನ ಬಾಗಿಲಲ್ಲೇ ಕುಸಿದರು. ಸ್ಟ್ರೋಕ್. ಬಲಗೈ ಬಲಗಾಲು ಸೋತವು, ಮಾತು ಹೋಯಿತು. ಆಸ್ಪತ್ರೆ ಎರಡು ರಸ್ತೆ ಆಚೆ ಇದ್ದದ್ದರಿಂದ ಜೀವ ಉಳಿಯಿತು. ನಿಧಾನಕ್ಕೆ ಕಾಲಿಗೆ ಸ್ವಲ್ಪ ಬಲ ಬಂತು, ಮಾತೂ ಬಂತು, ಆದರೆ ಒಂದು ಶಬ್ದ ಬಂದು ಇನ್ನೊಂದು ಬರುವಷ್ಟರಲ್ಲಿ ಚಾ ತಣ್ಣಗಾಗುತ್ತಿತ್ತು. ಒಂದು ಕಾಲದಲ್ಲಿ ಅಂಗಡಿಯಲ್ಲಿ ಕುಳಿತು ನಾಲ್ಕು ಭಾಷೆಯಲ್ಲಿ ಚೌಕಾಶಿ ಮಾಡಿದ ಬಾಯಿ ಅದು.

ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಒಂದೇ ಮಾತು ಹೇಳಿದ್ದಳು: ನಡೆಸಬೇಕು, ದಿನಾ ನಡೆಸಬೇಕು. ಎಡಗೈಯಲ್ಲಿ ನಾಲ್ಕು ಕಾಲಿನ ಊರುಗೋಲು, ಸೋತ ಬಲಬದಿಗೆ ನಾನು. ಅವರ ಬಲಗೈಯನ್ನು ನನ್ನ ಎರಡು ಕೈಯಲ್ಲಿ ಹಿಡಿದುಕೊಳ್ಳುವುದು, ಅವರು ವಾಲಿದರೆ ನಾನು ಗೋಡೆಯಾಗಿ ನಿಲ್ಲುವುದು. ನಮ್ಮ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಸ್ಕೂಟರು, ಸ್ಕೂಟರಿನ ಆಚೆ ಆಂಬುಲೆನ್ಸು. ಹಾಗಾಗಿ ಕಟ್ಟಡದ ಸುತ್ತ ಇದ್ದ ಕಂಪೌಂಡೇ ನಮ್ಮ ದಾರಿ. ಅಸರ್ ನಮಾಜ್ ಮುಗಿಸಿ ದಿನಾ ಸಂಜೆ ಇಳಿಯುತ್ತಿದ್ದೆವು. "ಒಮ್ಮೆ ಬಿದ್ದರೆ ಮತ್ತೆ ಏಳಿಸ್ಲಿಕ್ಕೆ ಕಷ್ಟ ಉಂಟು ಆಂಟಿ. ಎಂತ ಆದ್ರೂ ಕೈ ಬಿಡ್ಬೇಡಿ" ಎಂದು ಆ ಹುಡುಗಿ ಹೋಗುವಾಗಲೆಲ್ಲ ಹೇಳುತ್ತಿದ್ದಳು.

ಆಗ ಮೂರನೇ ಮಾಳಿಗೆಗೆ ಹೊಸಬರೊಬ್ಬರು ಬಂದರು. ಮುಂಬೈಯಲ್ಲಿ ತಲೆಕೂದಲು ಹಣ್ಣಾಗುವವರೆಗೆ ಹೋಟೆಲ್ ನಡೆಸಿ, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಮರಳಿದವರು. ಗುತ್ತು ಎಂಬ ಹಳೆಯ ಜಮೀನ್ದಾರಿ ಮನೆತನ, ದೊಡ್ಡ ಮೀಸೆ, ಮೆತ್ತಗಿನ ಮಾತು. ಜೊತೆಗೆ ಒಂದು ಕಂದು ಬಣ್ಣದ ಲ್ಯಾಬ್ರಡಾರ್. ನಿಂತರೆ ಅದರ ಬೆನ್ನು ನನ್ನ ತೊಡೆಯ ಹತ್ತಿರ.

ಮೊದಲ ದಿನ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಅದು ನಿಂತಿತ್ತು. ನಾನು ಗೋಡೆಗೆ ಅಂಟಿಕೊಂಡೆ. ನನ್ನ ಮುಖ ಹೇಗಾಗಿತ್ತೋ, ಅವರು ಒಮ್ಮೆ ನನ್ನನ್ನು, ಒಮ್ಮೆ ನನ್ನ ತಲೆಯ ಮೇಲಿನ ಶಾಲನ್ನು ನೋಡಿ, "ಓ, ಗೊತ್ತಾಯ್ತು ಗೊತ್ತಾಯ್ತು. ನಿಮಗೆ ಇದು ತಾಗಿದ್ರೆ ಆಗುದಿಲ್ಲ ಅಲ್ವಾ, ನಮಾಜಿಗೆ. ನನಗೆ ಗೊತ್ತುಂಟು ಟೀಚರ್, ಮುಂಬೈಯಲ್ಲಿ ನನ್ನ ಪಾರ್ಟ್ನರ್ ನಿಮ್ಮವರೇ" ಎಂದರು. ನಾವು ತುಳುವಿನಲ್ಲೇ ಮಾತಾಡಿಕೊಳ್ಳುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಸುಳ್ಳಲ್ಲ. ನಾಯಿಯ ಜೊಲ್ಲು ಮೈಗೋ ಬಟ್ಟೆಗೋ ತಾಗಿದರೆ ನಮ್ಮಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಹಾಗೆಂದು ನಾಯಿಯ ಮೇಲೆ ಹಗೆ ಏನೂ ಇಲ್ಲ. ಬಾಯಾರಿದ ನಾಯಿಗೆ ನೀರಿಟ್ಟರೆ ದೊಡ್ಡ ಪುಣ್ಯ ಎಂದು ಉಮ್ಮ ಹೇಳಿಕೊಟ್ಟದ್ದು, ನಾವೂ ಬೇಸಗೆಯಲ್ಲಿ ಗೇಟಿನ ಹೊರಗೆ ನೀರು ಇಡುತ್ತೇವೆ, ನಾನು ಗೇಟಿನ ಒಳಗಿಂದಲೇ ಕೈ ಚಾಚಿ ಇಡುತ್ತೇನೆ ಅಷ್ಟೆ. ಆದರೆ ಆ ದಿನ ಲಿಫ್ಟಿನ ಎದುರು ನನ್ನ ಎದೆ ಡಬಡಬ ಎಂದದ್ದು ಏಳು ಸಲ ತೊಳೆಯುವ ಚಿಂತೆಗೆ ಅಲ್ಲವೇ ಅಲ್ಲ. ನಾನು ಮಾತ್ರ ಹೌದು ಹೌದು ಎಂದು ತಲೆಯಾಡಿಸಿದೆ. ಧರ್ಮದ ಕಾರಣ ಎಂದರೆ ಜನ ಮರ್ಯಾದೆ ಕೊಡುತ್ತಾರೆ. ಹೆದರಿಕೆ ಎಂದರೆ ನಗುತ್ತಾರೆ.

ಆಮೇಲೆ ಶುರುವಾಯಿತು ಅವರ ಉಪಚಾರ. ಹೋಟೆಲಿನ ಮನುಷ್ಯ, ಗಿರಾಕಿ ಕೂರುವ ಮೊದಲು ಮೇಜು ಒರೆಸಿ ಅಭ್ಯಾಸ. ಅವರ ಹೆಗಲಿನಲ್ಲಿ ಯಾವಾಗಲೂ ಒಂದು ಬಿಳಿ ಟವೆಲ್. ಕಂಪೌಂಡಿನಲ್ಲಿ ನಾವು ಎದುರಾದರೆ ಸಾಕು, ನಿಂತು, ಬಗ್ಗಿ, ಆ ನಾಯಿಯ ಬಾಯಿಯನ್ನು ಟವೆಲಿನಿಂದ ಚೆನ್ನಾಗಿ ಒರೆಸುತ್ತಿದ್ದರು. ಈ ಬದಿ ಒರೆಸಿ, ಆ ಬದಿ ಒರೆಸಿ, ತುಟಿ ಎತ್ತಿ ಒಳಗೂ ಒರೆಸಿ, "ಈಗ ಬನ್ನಿ ಟೀಚರ್, ಒಂದು ಹನಿ ಜೊಲ್ಲಿಲ್ಲ" ಎಂದು ಖುಷಿಯಿಂದ ದಾರಿ ಬಿಡುತ್ತಿದ್ದರು. ದಾರಿ ಎಷ್ಟು? ಒಂದು ಕಾರಿಗೂ ಗೋಡೆಗೂ ನಡುವೆ ಇದ್ದಷ್ಟು. ಅವರು ತುಟಿ ಎತ್ತಿದಾಗ ಆ ಹಲ್ಲೆಲ್ಲ ನನಗೆ ಕಾಣುತ್ತಿತ್ತು. ಒರೆಸಿದ ಹಲ್ಲು, ಹೊಳೆಯುವ ಹಲ್ಲು!

ಅಷ್ಟೇ ಆದರೆ ಸಮಯ ಬದಲಿಸಬಹುದಿತ್ತು. ಅವರು ಒಂದು ದಿನ ನಮ್ಮ ನಮಾಜಿನ ಹೊತ್ತನ್ನೆಲ್ಲ ಕೇಳಿ ತಿಳಿದುಕೊಂಡರು. ನಮಾಜಿಗೆ ಹೊರಟವರಿಗೆ ನಾಯಿ ಅಡ್ಡ ಬರಬಾರದು ಎಂದು, ಮಸೀದಿಯಲ್ಲಿ ಬಾಂಗ್ ಕೂಗಿ ಎಲ್ಲ ಮುಗಿಯುವವರೆಗೆ ಅದನ್ನು ಒಳಗೇ ಇಟ್ಟುಕೊಂಡು, ಆಮೇಲೆ ಇಳಿಸುತ್ತಿದ್ದರು. ನಾವೂ ಅಸರ್ ಮುಗಿಸಿಯೇ ಇಳಿಯುವವರು. ಅವರು ನನಗಾಗಿ ಕಾದು ಕಾದು ಸರಿಯಾಗಿ ನನ್ನ ಎದುರಿಗೇ ಬಂದು ನಿಲ್ಲುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯರ ಮೇಲೆ ಸಿಟ್ಟು ಮಾಡುವುದು ಹೇಗೆ? ಮಾಡದೆ ಇರುವುದಾದರೂ ಹೇಗೆ?

ನನ್ನ ಪ್ರಾಣದ ಭಯ ಒಂದು ಕಡೆ ಇರಲಿ. ನನಗೆ ನಿಜವಾದ ಭಯ ನನ್ನ ಕೈಯದ್ದು. ನಾಯಿ ಮೈಮೇಲೆ ಬಂದರೆ ನಾನು ಯೋಚಿಸುವುದಿಲ್ಲ, ಓಡುತ್ತೇನೆ. ಬೆಂಗ್ರೆಯ ಮರಳಿನಿಂದ ಇವತ್ತಿನವರೆಗೆ ನನ್ನ ಮೈ ಹಾಗೆಯೇ. ಆಗ ಈ ಕೈಯಲ್ಲಿರುವ ಅವರ ಕೈ? ಎಲ್ಲ ಬಿಟ್ಟು ಒಂದು ನಾಯಿಗೆ ಹೆದರಿ ನಾನು ಗಂಡನನ್ನು ಬೀಳಿಸಿದೆ ಎಂದರೆ ಮುಗಿಯಿತು.

ಹಾಗಾಗಿ ನಡಿಗೆ ತಪ್ಪಿಸಲಿಕ್ಕೆ ಹೊರಟೆ. ಇವತ್ತು ಮೋಡ ಉಂಟು, ಇವತ್ತು ನನಗೆ ಸೊಂಟ ನೋವು, ಇವತ್ತು ಯಾರೋ ಬರುತ್ತಾರಂತೆ. ಮನೆಯ ಬಾಗಿಲ ಹೊರಗಿನ ಕಾರಿಡಾರಿನಲ್ಲೇ ಹೋಗಿ ಬರುವ ಎಂದೆ. ನಾಲ್ಕು ಮಾರು ಕಾರಿಡಾರು, ತಿರುಗುವುದೇ ಜಾಸ್ತಿ. ಯಜಮಾನರು ಅಸರ್ ಮುಗಿದ ಕೂಡಲೇ ಊರುಗೋಲಿನಿಂದ ಚಪ್ಪಲಿಯನ್ನು ತಮ್ಮ ಹತ್ತಿರ ಎಳೆದುಕೊಂಡು ಬಾಗಿಲನ್ನೇ ನೋಡುತ್ತ ಕೂರುತ್ತಿದ್ದರು. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದ ಮೇಲೆ ಮತ್ತೆ ಅದನ್ನು ದೂರಕ್ಕೆ ತಳ್ಳುತ್ತಿದ್ದರು.

ಫಿಸಿಯೋಥೆರಪಿಯ ಹುಡುಗಿ ಕಾಲು ಮಡಚಿ ನೋಡಿ ಮುಖ ಗಂಟು ಹಾಕಿದಳು. "ಎಂತ ಆಂಟಿ ಇದು? ಅಂಕಲ್‌ದು ಹಿಮ್ಮಡಿ ನೆಲಕ್ಕೆ ಊರುದೇ ಇಲ್ಲ. ಹೀಗೇ ಬಿಟ್ರೆ ಕಾಲು ಗಟ್ಟಿ ಆಗ್ತದೆ, ಮತ್ತೆ ನಾನು ದಿನಾ ಬಂದ್ರೂ ಎಂತ ಮಾಡ್ಲಿಕ್ಕೆ ಆಗುದಿಲ್ಲ" ಎಂದಳು. ನನ್ನ ಮಗಳ ಪ್ರಾಯದ ಹುಡುಗಿಯ ಎದುರು ನಾನು ಹೋಮ್‌ವರ್ಕ್ ಮಾಡದ ಮಗುವಿನ ಹಾಗೆ ನಿಂತಿದ್ದೆ. ಮರುದಿನದಿಂದ ಮತ್ತೆ ಇಳಿಸಿದೆ. ಹೋಗಿ ಆ ಮೇಲಿನ ಮನೆಯವರಿಗೆ ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲಗೆ ಏಳಲಿಲ್ಲ.

ಅದಾಗಿ ಒಂದು ವಾರವೂ ಆಗಿರಲಿಲ್ಲ. ಮಳೆ ನಿಂತು ಬಿಸಿಲು ಬಿದ್ದ ಸಂಜೆ. ನಾವು ಕಟ್ಟಡದ ಹಿಂದುಗಡೆ, ನೀರಿನ ಟ್ಯಾಂಕಿಯ ಹತ್ತಿರ ತಿರುಗಿದ್ದೆವು. ಆಚೆ ತುದಿಯಲ್ಲಿ ಅವರು ನಾಯಿಯೊಂದಿಗೆ ಬಂದರು, ನಮ್ಮನ್ನು ಕಂಡು ಕೈ ಎತ್ತಿದರು, ವಾಡಿಕೆಯಂತೆ ಟವೆಲ್ ತೆಗೆದರು. ಒರೆಸಲಿಕ್ಕೆ ಎರಡು ಕೈ ಬೇಕಲ್ಲ, ನಾಯಿಯ ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿದರು. ಒರೆಸಿ ಮುಗಿಯುವಾಗ ಹಗ್ಗ ಜಾರಿತು.

ನಾಯಿ ಬಂತು. ಹಗ್ಗ ಎಳೆದುಕೊಂಡು, ಕಿವಿ ಹಾರಿಸಿಕೊಂಡು, ಸೀದಾ ನಮ್ಮ ಕಡೆಗೆ ಬಂತು. ಹಿಂದಿನಿಂದ ಅವರು, "ಎಂತ ಮಾಡುದಿಲ್ಲ ಟೀಚರ್! ಬಾಯಿ ಒರೆಸಿ ಆಗಿದೆ!" ಎಂದು ಕೂಗುತ್ತ ಓಡಿ ಬರುತ್ತಿದ್ದರು. ನಾನು ಕಿರುಚಿದೆ. ಆಮೇಲೆ ನನಗೆ ಗೊತ್ತಿರುವುದು ಇಷ್ಟೇ: ನನ್ನ ಬೆನ್ನು ಟ್ಯಾಂಕಿಗೆ ತಾಗಿತ್ತು, ನನ್ನ ಎರಡೂ ಕೈ ನನ್ನ ಮುಖದ ಮೇಲಿದ್ದವು.

ಎರಡೂ ಕೈ. ಬೆರಳಿನ ಸಂದಿಯಿಂದ ನೋಡಿದೆ. ಯಜಮಾನರು ಬಿದ್ದಿರಲಿಲ್ಲ. ನನ್ನ ಎದುರಿಗೆ, ನನಗೂ ನಾಯಿಗೂ ನಡುವೆ, ನನಗೆ ಬೆನ್ನು ಹಾಕಿ ನಿಂತಿದ್ದರು. ಊರುಗೋಲನ್ನು ಮುಂದೆ ಊರಿ, ಸೋತ ಕಾಲನ್ನು ಹೇಗೋ ಎಳೆದು ತಂದು, ಇಡೀ ಮೈ ಗಡಗಡ ನಡುಗುತ್ತ. ನಾಯಿ ಊರುಗೋಲಿನ ಕಾಲನ್ನು ಒಂದೊಂದಾಗಿ ಮೂಸಿ ಅವರ ಎದುರು ಬಾಲ ಅಲ್ಲಾಡಿಸುತ್ತ ಕೂತಿತು. ಅವರ ಬಲಗೈ ಖಾಲಿ ಜೋತಾಡುತ್ತಿತ್ತು. ಹೋಗಿ ಹಿಡಿಯಬೇಕು. ಎರಡೇ ಹೆಜ್ಜೆ. ಅಲ್ಲಾಹನ ಆಣೆಗೂ ನನಗೆ ಆ ಎರಡು ಹೆಜ್ಜೆ ಇಡಲಿಕ್ಕೆ ಆಗಲಿಲ್ಲ. ಅವರು ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ ವಾಲಿದರು. ನಾನು ನೋಡುತ್ತ ನಿಂತೆ.

ಅಷ್ಟರಲ್ಲಿ ಮೇಲಿನ ಮನೆಯವರು ಏದುಸಿರು ಬಿಡುತ್ತ ಬಂದು ಹಗ್ಗ ಹಿಡಿದು ನಾಯಿಯನ್ನು ಹಿಂದಕ್ಕೆ ಎಳೆದರು. ಆಗ ನನ್ನ ಕಾಲಿಗೆ ಜೀವ ಬಂತು, ಓಡಿ ಹೋಗಿ ಯಜಮಾನರನ್ನು ತಬ್ಬಿ ಹಿಡಿದೆ. ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮೇಲಿನ ಮನೆಯವರು ಟವೆಲ್ ಚಾಚಿ ಮೊದಲು ಕೇಳಿದ್ದು ಎಂತ ಗೊತ್ತುಂಟಾ? "ನೆಕ್ಕಿತಾ ಟೀಚರ್? ಬಟ್ಟೆಗೆ ತಾಗಿತಾ?"

ನನ್ನ ತಲೆಗೆ ಸಿಟ್ಟು ಎಲ್ಲಿಂದ ಏರಿತೋ. "ನೆಕ್ಕುವುದು ಹಾಳಾಗಿ ಹೋಗಲಿ! ಆ ಟವೆಲನ್ನು ಆಚೆ ಬಿಸಾಡಿ ಮಾರಾಯ್ರೇ! ನೆಕ್ಕಿದರೆ ತೊಳೆಯಲಿಕ್ಕೆ ನೀರುಂಟು, ಮಣ್ಣುಂಟು. ನನಗೆ ಹೆದರಿಕೆ! ನಿಮ್ಮ ನಾಯಿ ಅಂದ್ರೆ ನನಗೆ ಹೆದರಿಕೆ. ಎಲ್ಲ ನಾಯಿ ಅಂದ್ರೂ ಹೆದರಿಕೆ. ಅಷ್ಟೇ ವಿಷಯ, ಬೇರೆ ಎಂತದೂ ಇಲ್ಲ" ಎಂದು ಕಿರುಚಿದೆ. ಮೇಲೆ ಎರಡು ಮೂರು ಬಾಲ್ಕನಿಯಲ್ಲಿ ತಲೆಗಳು ಕಂಡವು. ಕಾಣಲಿ. ಆ ಹೊತ್ತಿಗೆ ನನಗೆ ನಾಚಿಕೆ ಎಂಬುದು ಉಳಿದಿರಲಿಲ್ಲ. ಅವರು ಟವೆಲ್ ಹಿಡಿದ ಕೈಯನ್ನು ನಿಧಾನಕ್ಕೆ ಕೆಳಗಿಳಿಸಿದರು. ನಾಯಿಯನ್ನು ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಅವರೇ, ಒಬ್ಬರೇ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಕ್ಷಮಿಸಿ ಎನ್ನುತ್ತಾರೆ, ಇಲ್ಲದಿದ್ದರೆ ಅದು ಪಾಪದ್ದು ಎನ್ನುತ್ತಾರೆ ಎಂದು ನಾನು ಸೆರಗು ಬಿಗಿದುಕೊಂಡು ತಯಾರಾಗಿ ನಿಂತಿದ್ದೆ. ಅವರು ಕೇಳಿದರು: "ಟೀಚರ್, ಎಷ್ಟು ದೂರ ಇದ್ದರೆ ನಿಮಗೆ ಸಮಾಧಾನ?"

ಈ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ನಕ್ಕವರಿದ್ದರು, ಧೈರ್ಯ ಹೇಳಿದವರಿದ್ದರು, ಒಮ್ಮೆ ತಲೆ ಸವರಿ ನೋಡಿ ಎಂದು ನನ್ನ ಕೈ ಎಳೆದವರೂ ಇದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರ ಎದುರೇ ಅತ್ತುಬಿಟ್ಟೆ. ಅವರು ಕಾರಿಡಾರಿನ ಕಿಟಕಿಯ ಹೊರಗೆ ನೋಡುತ್ತ ನಿಂತರು, ನಾನು ಮೂಗು ಒರೆಸಿಕೊಳ್ಳುವವರೆಗೆ.

ಸಂಜೆ ಅಳೆದು ನೋಡಿದೆವು. ನಾನು ಮೆಟ್ಟಿಲ ಬಳಿ ನಿಂತೆ. ಅವರು ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದು ನನ್ನಿಂದ ಹಿಂದೆ ಹಿಂದೆ ನಡೆದರು. ಸಾಕಾ? ಇಲ್ಲ. ಈಗ? ಇನ್ನೂ ಸ್ವಲ್ಪ. ಗೇಟಿನ ಹತ್ತಿರದ ತೆಂಗಿನಮರ ತಲುಪಿದಾಗ ನನ್ನ ಭುಜ ತನ್ನಷ್ಟಕ್ಕೆ ಕೆಳಗಿಳಿಯಿತು. ಕೈ ಎತ್ತಿದೆ. "ಇಷ್ಟಾ?" ಎಂದು ಅವರು ಅಲ್ಲಿಂದ ಕೂಗಿದರು. "ಇಷ್ಟು" ಎಂದು ನಾನು ಇಲ್ಲಿಂದ ಕೂಗಿದೆ.

ಅಂದಿನಿಂದ ಅವರು ಅದನ್ನು ಮೀರಲಿಲ್ಲ. ಇಳಿಯುವ ಮೊದಲು ಮೆಟ್ಟಿಲಿಂದಲೇ "ಟೀಚರ್, ನಾವು ಬರ್ತಾ ಇದ್ದೇವೆ" ಎಂದು ಕೂಗುತ್ತಾರೆ. ನಾವಿದ್ದರೆ ಲಿಫ್ಟ್ ಹತ್ತುವುದಿಲ್ಲ. ಎದುರಾಗಲೇಬೇಕಾದರೆ ಮೂಲೆಗೆ ಹೋಗಿ, ನಾಯಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ನಡುವೆ ತಾವು ನಿಲ್ಲುತ್ತಾರೆ. ನನ್ನ ಹೆದರಿಕೆ ಹೋಗಿದೆಯೇ ಎಂದರೆ ಇಲ್ಲ, ಇದ್ದಲ್ಲೇ ಉಂಟು. ಆದರೆ ಅದನ್ನು ಇಟ್ಟುಕೊಂಡೇ ನಾನು ಸಂಜೆ ಕೆಳಗಿಳಿಯುತ್ತೇನೆ. ಯಜಮಾನರ ಹಿಮ್ಮಡಿ ಈಗ ನೆಲಕ್ಕೆ ಊರುತ್ತದೆ.

ನನ್ನೊಳಗೆ ಒಂದು ಮುಳ್ಳು ಮಾತ್ರ ಹಾಗೆಯೇ ಇತ್ತು: ಆ ದಿನ ಕೈ ಬಿಟ್ಟದ್ದು ಯಾರು? ಒಂದು ಶುಕ್ರವಾರ ಯಜಮಾನರ ಕೈಯ ಉಗುರು ತೆಗೆಯುತ್ತ ಕೂತಿದ್ದೆ. ಸೋತ ಕೈ, ಮಡಚಿದ ಬೆರಳು ಬಿಡಿಸಿ ಬಿಡಿಸಿ ತೆಗೆಯಬೇಕು. ತಲೆ ಎತ್ತದೆ ನಮ್ಮ ಬ್ಯಾರಿ ಭಾಷೆಯಲ್ಲಿ ಕೇಳಿದೆ, "ಆ ದಿನ ನೀವು ನನ್ನ ಕೈಯಿಂದ ಕೈ ಬಿಡಿಸಿಕೊಂಡಿರಾ?"

"ಹೂಂ" ಎಂದರು.

"ಎಂಥ ಹುಚ್ಚು ನಿಮ್ಮದು? ನಾನು ಹಿಡಿದುಕೊಂಡಿದ್ದೆನಲ್ಲ! ಬಿದ್ದಿದ್ದರೆ?"

ಅವರು ಶಬ್ದ ಹುಡುಕಲಿಕ್ಕೆ ಶುರು ಮಾಡಿದರು. ನಾನು ಕತ್ತರಿ ಕೆಳಗಿಟ್ಟು ಕಾದೆ. "ನೀನು... ಬಿಡ್ತಿ" ಎಂದರು. "ಗೊತ್ತಿತ್ತು."

ಅವರು ಇನ್ನೂ ಹುಡುಕುತ್ತಿದ್ದರು, ಹಣೆಯಲ್ಲಿ ಬೆವರು ಬಂದಿತ್ತು. ಎಡಗೈಯಿಂದ ನನ್ನ ಕೈ ಮುಟ್ಟಿ, ಇನ್ನೂ ಉಂಟು, ನಿಲ್ಲು ಎಂಬಂತೆ ಮಾಡಿದರು. ಬಹಳ ಹೊತ್ತಿನ ಮೇಲೆ ಉಳಿದದ್ದು ಬಂತು.

"ನಾನು ಬಿದ್ದರೂ... ನೀನು ಬಿಟ್ಟು... ಬಿದ್ದದ್ದು ಅಂತ... ಆಗಬಾರದಲ್ಲ."